ಪಿಕಪ್ ವಾಹನಕ್ಕೆ ಜಾರು ಟ್ರೇ: ಅಳವಡಿಕೆ ಮತ್ತು ಎಚ್ಚರಿಕೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಾಠ)

ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದದ್ದನ್ನು ಕೆಡದಂತೆ ಮಾರುಕಟ್ಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಮೂರು ತಿಂಗಳು ನೀರು, ಗೊಬ್ಬರ, ಔಷಧಿ ಎಂದು ದುಡಿದು ಬೆಳೆಸಿದ ಟೊಮೆಟೊ ಹಣ್ಣು ಕೊನೆಯ ಮೂರು ಗಂಟೆಯ ಸಾಗಣೆಯಲ್ಲಿ ಜಜ್ಜಿಹೋದರೆ ಮೂರು ತಿಂಗಳ ಶ್ರಮಕ್ಕೂ ಪೆಟ್ಟು. ಹಿಂದೆ ಎತ್ತಿನ ಗಾಡಿ, ಆಮೇಲೆ ಬಸ್ಸಿನ ಮೇಲಿನ ಜಾಗ, ನಂತರ ಬಾಡಿಗೆ ಲಾರಿ. ಈಗ ಹಳ್ಳಿ ಹಳ್ಳಿಯಲ್ಲೂ ಸಣ್ಣ ಪಿಕಪ್ ವಾಹನಗಳು ಕಾಣುತ್ತವೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಹಿಡುವಳಿಯ ರೈತನಿಗೂ ಸ್ವಂತ ವಾಹನದ ಯೋಚನೆ ಸಾಧ್ಯವಾಯಿತು. ವಾಹನ ಬಂದಿತು. ಆದರೆ ಅದರ ಬಾಡಿಯಲ್ಲಿ ಸಾಮಾನು ಇಡುವ, ತೆಗೆಯುವ ರೀತಿ ಮಾತ್ರ ಎತ್ತಿನ ಗಾಡಿಯ ಕಾಲದ್ದೇ ಉಳಿಯಿತು.

ಮುಚ್ಚಿದ ಬಾಡಿಯಿರುವ ಪಿಕಪ್ಪಿನಲ್ಲಿ ನಡೆಯುವುದನ್ನು ಗಮನಿಸಿದರೆ ಇದು ತಿಳಿಯುತ್ತದೆ. ಕ್ಯಾಬಿನ್ ಕಡೆಯ ಮೂಲೆಯಲ್ಲಿರುವ ಬಾಕ್ಸ್ ಬೇಕಾದರೆ ಆಳು ಒಳಗೆ ಬಗ್ಗಿಕೊಂಡು ಹೋಗಬೇಕು. ದಾರಿಯಲ್ಲಿರುವ ಬಾಕ್ಸುಗಳ ಅಂಚಿನ ಮೇಲೆ ಕಾಲಿಡುತ್ತಾನೆ. ಕಾಲು ಜಾರಿದರೆ ಹಣ್ಣಿನ ಮೇಲೆಯೇ ಬೀಳುತ್ತದೆ. ಬಗ್ಗಿದ ಬೆನ್ನಿನಲ್ಲೇ 15 ಕೆ.ಜಿ. ಬಾಕ್ಸನ್ನು ಕೈಚಾಚಿ ಎತ್ತಿ, ಹಿಂದೆ ಹಿಂದೆ ಸರಿದು ಕೆಳಗಿಳಿಸುತ್ತಾನೆ. ಮೈಗೆ ಒತ್ತಿ ಹಿಡಿದ ಭಾರಕ್ಕಿಂತ ಕೈಚಾಚಿ ಎತ್ತಿದ ಭಾರ ಸೊಂಟದ ಮೇಲೆ ಹಲವು ಪಟ್ಟು ಹೆಚ್ಚು ಒತ್ತಡ ತರುತ್ತದೆ. ಹಣ್ಣು ಕೆಟ್ಟರೆ ಮುಂದಿನ ಬೆಳೆಯಲ್ಲಿ ನೋಡಿಕೊಳ್ಳಬಹುದು. ಸೊಂಟ ಕೆಟ್ಟರೆ ಮುಂದಿನ ಬೆಳೆಯೇ ಕಷ್ಟ.

ಈ ತೊಂದರೆಗೆ ಒಂದು ಪರಿಹಾರವೇ ಜಾರು ಟ್ರೇ. ಮೇಜಿನ ಖಾನೆಯನ್ನು ಎಳೆದಂತೆ ವಾಹನದ ಬಾಡಿಯೊಳಗಿನ ಹಾಸನ್ನೇ ಹೊರಗೆ ಎಳೆಯುವ ವ್ಯವಸ್ಥೆ ಇದು. ಆಸ್ಟ್ರೇಲಿಯಾ, ಅಮೆರಿಕದಂತಹ ದೇಶಗಳಲ್ಲಿ ಪಿಕಪ್ಪಿನ ಬಾಡಿಗೆ ಎತ್ತರದ ಪಕ್ಕಗಳೂ ಮೇಲೊಂದು ಮುಚ್ಚಿಗೆಯೂ ಇರುವುದರಿಂದ ಅಲ್ಲಿ ಇದು ಬಹಳ ಬಳಕೆಯಲ್ಲಿದೆ. ನಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಇದನ್ನು ಮಾಡಿಸಬಹುದು. ಆದರೆ ಲೆಕ್ಕವಿಲ್ಲದೆ ಮಾಡಿಸಿದ ಟ್ರೇ ಉಪಕಾರಕ್ಕಿಂತ ಅಪಾಯವನ್ನೇ ಹೆಚ್ಚಾಗಿ ತರುತ್ತದೆ. ಆದುದರಿಂದ ಇದು ಯಾರಿಗೆ ಬೇಕು, ಹೇಗೆ ಅಳವಡಿಸಬೇಕು, ಹೇಗೆ ಬಳಸಬೇಕು ಎಂಬ ಮೂರು ವಿಷಯಗಳನ್ನು ಕ್ರಮವಾಗಿ ನೋಡುವುದು ಲೇಸು.

ಯಾರಿಗೆ ಬೇಕು, ಯಾರಿಗೆ ಬೇಡ

ನಮ್ಮಲ್ಲಿನ ಹೆಚ್ಚಿನ ಪಿಕಪ್ಪುಗಳಲ್ಲಿ ಬಾಡಿಯ ಮೂರು ಕಡೆಯ ಬಾಗಿಲುಗಳೂ ಕೆಳಗೆ ಮಡಚುತ್ತವೆ. ಅಂತಹ ವಾಹನದಲ್ಲಿ ಮೂರು ಕಡೆಯಿಂದಲೂ ಕೈ ಹಾಕಿ ಸಾಮಾನು ತೆಗೆಯಬಹುದು. ತೋಟದಲ್ಲಿ ತುಂಬಿ ನೇರವಾಗಿ ಕೋಲಾರದ ಮಾರುಕಟ್ಟೆಗೆ ಹೋಗಿ, ಒಂದೇ ಮಂಡಿಯಲ್ಲಿ ಎಲ್ಲವನ್ನೂ ಇಳಿಸುವ ರೈತನಿಗೆ ಜಾರು ಟ್ರೇ ಬೇಕಿಲ್ಲ. ರಾಗಿ ಮೂಟೆ, ಕಬ್ಬು, ಹುಲ್ಲು ಸಾಗಿಸುವವರಿಗೂ ಬೇಕಿಲ್ಲ. ಅವರು ಆ ಹಣವನ್ನು ಒಳ್ಳೆಯ ಬಾಕ್ಸುಗಳಿಗೋ ಹೊಸ ಟೈರುಗಳಿಗೋ ಬಳಸುವುದು ಜಾಣತನ.

ಕೆಳಗಿನವರಿಗೆ ಮಾತ್ರ ಇದರಿಂದ ಪ್ರಯೋಜನವಿದೆ.

1. ಮುಚ್ಚಿದ ಬಾಡಿ ಕಟ್ಟಿಸಿಕೊಂಡು, ತರಕಾರಿಯನ್ನು ಪಟ್ಟಣದ ಬೀದಿ ಬೀದಿಗೆ ಒಯ್ದು ಮಾರುವವರು. ದಿನಕ್ಕೆ ಹತ್ತಾರು ಕಡೆ ನಿಲ್ಲಿಸಿ, ಪ್ರತಿ ಸಲವೂ ಬೇರೆ ಬೇರೆ ಬಾಕ್ಸನ್ನು ತೆಗೆಯಬೇಕಾದವರು.

2. ಸಸಿ ಬೆಳೆಸಿ ಮಾರುವ ನರ್ಸರಿಯವರು. 98 ಗುಳಿಗಳ ಪ್ರೋಟ್ರೇಗಳಲ್ಲಿ ಬೆಳೆದ ಟೊಮೆಟೊ, ಮೆಣಸಿನಕಾಯಿ, ಕೋಸಿನ ಸಸಿಗಳನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ. ಗಾಳಿಗೆ ಬಾಡದಿರಲು ಸುತ್ತ ನೆರಳು ಬಲೆ ಬೇಕು. ಹೀಗಾಗಿ ಪಕ್ಕದಿಂದ ಕೈ ಹಾಕಲು ಬರುವುದಿಲ್ಲ.

3. ಹಾಲಿನ ಕ್ಯಾನು ಸಂಗ್ರಹಿಸುವವರು. 40 ಲೀಟರಿನ ತುಂಬಿದ ಕ್ಯಾನು 40 ಕೆ.ಜಿ.ಗೂ ಮಿಕ್ಕ ಭಾರ. ಅದನ್ನು ಬಗ್ಗಿ ಎಳೆಯುವುದು ಸುಲಭವಲ್ಲ.

4. ಪಂಪು, ಪೈಪು, ಹನಿ ನೀರಾವರಿಯ ಸಾಮಾನು, ಸಿಂಪರಣಾ ಯಂತ್ರಗಳನ್ನು ಹೊತ್ತು ಊರೂರಿಗೆ ಹೋಗಿ ರಿಪೇರಿ ಮಾಡುವ ಯುವಕರು.

ಈ ಪಟ್ಟಿಯಲ್ಲಿ ಇದ್ದವರೂ ಒಂದು ವಾರ ಲೆಕ್ಕ ಬರೆದು ನೋಡಬೇಕು. ಪ್ರತಿ ನಿಲುಗಡೆಯಲ್ಲಿ ಸಾಮಾನು ಹುಡುಕಿ ತೆಗೆಯಲು ಎಷ್ಟು ನಿಮಿಷ ಹಿಡಿಯಿತು, ತುಳಿದು ಕೆಟ್ಟದ್ದು ಎಷ್ಟು ಕೆ.ಜಿ. ಎಂದು ಗುರುತು ಹಾಕಿಕೊಂಡರೆ ಸಾಕು. ಒಂದು ನಿಲುಗಡೆಯಲ್ಲಿ 5 ನಿಮಿಷ ಉಳಿದರೂ 8 ನಿಲುಗಡೆಗೆ 40 ನಿಮಿಷ. ಹೀಗೆ ಉಳಿಯುವುದು 10 ನಿಮಿಷ ಮಾತ್ರ ಎಂದಾದರೆ ಟ್ರೇಯ ಯೋಚನೆ ಬಿಡುವುದೇ ಸರಿ.

ಟ್ರೇಯ ಸ್ವಂತ ತೂಕ

ಟ್ರೇ ಮಾಡಿಸುವವರು ಸಾಮಾನ್ಯವಾಗಿ ಮರೆಯುವ ಮೊದಲನೆಯ ಲೆಕ್ಕ ಇದು. 6 ಅಡಿ ಉದ್ದ, 4 ಅಡಿ ಅಗಲದ, ಅಂದರೆ ಸುಮಾರು 180 ಸೆಂ.ಮೀ. ಉದ್ದ 120 ಸೆಂ.ಮೀ. ಅಗಲದ ಟ್ರೇಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದಕ್ಕೆ 18 ಮಿ.ಮೀ. ದಪ್ಪದ ನೀರು ನಿರೋಧಕ ಪ್ಲೈವುಡ್ ಹಾಕಿದರೆ ಅದೇ ಸುಮಾರು 27 ಕೆ.ಜಿ. ಚೌಕಟ್ಟಿಗೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್ ಬೇಕು. ಇದು ಮೀಟರಿಗೆ 3 ಕೆ.ಜಿ. ತೂಗುತ್ತದೆ. ಸುತ್ತಲಿನ ಚೌಕಟ್ಟು ಮತ್ತು ಮೂರು ಅಡ್ಡಪಟ್ಟಿ ಸೇರಿ 9.6 ಮೀಟರಿಗೆ ಸುಮಾರು 29 ಕೆ.ಜಿ. ಬೇರಿಂಗ್ ಅಚ್ಚು, ಅಗುಳಿ ಸೇರಿದರೆ ಚಲಿಸುವ ಭಾಗವೇ 60 ಕೆ.ಜಿ. ಬಾಡಿಗೆ ಬಿಗಿಯುವ ಹಳಿ, ಉರುಳೆ, ಬೋಲ್ಟುಗಳಿಗೆ ಇನ್ನೊಂದು 20 ಕೆ.ಜಿ. ಒಟ್ಟು 80 ಕೆ.ಜಿ.

ತುಂಬಿದ ಒಂದು ಟೊಮೆಟೊ ಬಾಕ್ಸನ್ನು ಹಣ್ಣು ಮತ್ತು ಬಾಕ್ಸಿನ ತೂಕ ಸೇರಿಸಿ 16ರಿಂದ 17 ಕೆ.ಜಿ. ಎಂದು ಹಿಡಿದರೆ, ಈ ಟ್ರೇ ಹಾಕಿಸಿದ ದಿನದಿಂದ ಪ್ರತಿ ಸಾಗಣೆಯಲ್ಲೂ ಸುಮಾರು 5 ಬಾಕ್ಸ್ ಕಡಿಮೆ ತುಂಬಬೇಕು. 750 ಕೆ.ಜಿ. ಹೊರುವ ವಾಹನದಲ್ಲಿ ಇದು ಹತ್ತನೆಯ ಒಂದು ಪಾಲಿಗೂ ಹೆಚ್ಚು. "ಟ್ರೇ ಬಾಡಿಯ ಒಳಗಿದೆ, ಅದೇನು ಹೊರೆಯಲ್ಲ" ಎಂದು ಮೊದಲಿನಷ್ಟೇ ತುಂಬಿದರೆ ಸ್ಪ್ರಿಂಗಿಗೂ ಬ್ರೇಕಿಗೂ ಕೇಡು.

ಏತದ ಲೆಕ್ಕ

ಎರಡನೆಯ ಲೆಕ್ಕವೇ ಅತಿ ಮುಖ್ಯವಾದದ್ದು. ಟ್ರೇಯನ್ನು ಎಷ್ಟು ದೂರ ಹೊರಗೆ ಎಳೆಯಬಹುದು? ಇಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಹೀಗಿರುತ್ತದೆ.

"ಟ್ರೇ ಪೂರ್ತಿ ಆಚೆ ಬರೋ ಹಾಗೆ ಮಾಡಿಕೊಡಪ್ಪಾ. ಕೊನೇ ಬಾಕ್ಸೂ ಕೈಗೆ ಸಿಗಬೇಕು."

"ಪೂರ್ತಿ ಆಚೆ ಬಂದರೆ ಅದನ್ನು ಹಿಡಿಯೋದು ಯಾವುದು ಯಜಮಾನರೇ? ಹಿಂದುಗಡೆ ಸ್ವಲ್ಪವಾದರೂ ಒಳಗೆ ಉಳೀಬೇಕಲ್ಲ."

"ಒಂದು ಗೇಣು ಉಳಿದರೆ ಸಾಲದಾ?"

ಸಾಲದು. ಏಕೆ ಸಾಲದು ಎಂಬುದಕ್ಕೆ ಏತವನ್ನು ನೆನೆದರೆ ಸಾಕು. ಏತದ ಮರದಲ್ಲಿ ನಡುವೆ ಒಂದು ಆಧಾರ, ಒಂದು ಕಡೆ ನೀರಿನ ಬಾನಿ, ಇನ್ನೊಂದು ಕಡೆ ತೂಕದ ಕಲ್ಲು. ಬಾನಿಯ ಕಡೆಯ ಮರ ಉದ್ದವಾದಷ್ಟೂ ಹಿಂದೆ ಹೆಚ್ಚು ಕಲ್ಲು ಕಟ್ಟಬೇಕು. ಹೊರಗೆ ಎಳೆದ ಟ್ರೇಯೂ ಹಾಗೆಯೇ. ಬಾಡಿಯ ಹಿಂದಿನ ಅಂಚಿನಲ್ಲಿರುವ ಉರುಳೆಯೇ ಏತದ ಆಧಾರ. ಟ್ರೇಯ ಒಳತುದಿಯನ್ನು ಮೇಲೇಳದಂತೆ ಹಿಡಿಯುವ ಹಳಿಯೇ ಕಲ್ಲು.

ಟ್ರೇ ಮತ್ತು ಅದರ ಮೇಲಿನ ಹೊರೆ ಸೇರಿ 300 ಕೆ.ಜಿ. ಇದೆ, ಅದು ಉದ್ದಕ್ಕೂ ಸಮನಾಗಿ ಹರಡಿದೆ ಎಂದುಕೊಂಡರೆ ಲೆಕ್ಕ ಹೀಗೆ ಬರುತ್ತದೆ.

ಅರ್ಧ ಎಳೆದಾಗ, ಅಂದರೆ 90 ಸೆಂ.ಮೀ. ಹೊರಗೆ: ಭಾರದ ನಡುಬಿಂದು ಸರಿಯಾಗಿ ಅಂಚಿನ ಉರುಳೆಯ ಮೇಲೆ ಬರುತ್ತದೆ. ಉರುಳೆಯ ಮೇಲೆ 300 ಕೆ.ಜಿ. ಒಳತುದಿ ಮೇಲೇಳುವ ಬಲ ಸೊನ್ನೆ.

ಮೂರರಲ್ಲಿ ಎರಡು ಪಾಲು ಎಳೆದಾಗ, ಅಂದರೆ 120 ಸೆಂ.ಮೀ. ಹೊರಗೆ, 60 ಸೆಂ.ಮೀ. ಒಳಗೆ: ನಡುಬಿಂದು ಅಂಚಿನಿಂದ 30 ಸೆಂ.ಮೀ. ಹೊರಗಿದೆ. ಒಳತುದಿ 150 ಕೆ.ಜಿ. ಬಲದಿಂದ ಮೇಲೇಳಲು ನೋಡುತ್ತದೆ. ಉರುಳೆಗಳ ಮೇಲೆ 450 ಕೆ.ಜಿ. ಬೀಳುತ್ತದೆ.

ನಾಲ್ಕರಲ್ಲಿ ಮೂರು ಪಾಲು ಎಳೆದಾಗ, ಅಂದರೆ 135 ಸೆಂ.ಮೀ. ಹೊರಗೆ, 45 ಸೆಂ.ಮೀ. ಒಳಗೆ: ಮೇಲೇಳುವ ಬಲ 300 ಕೆ.ಜಿ. ಉರುಳೆಗಳ ಮೇಲೆ 600 ಕೆ.ಜಿ.

ಮೂರರಲ್ಲಿ ಎರಡರಿಂದ ನಾಲ್ಕರಲ್ಲಿ ಮೂರಕ್ಕೆ ಬರಲು ಎಳೆದದ್ದು 15 ಸೆಂ.ಮೀ. ಮಾತ್ರ, ಅಂದರೆ ಅರ್ಧ ಅಡಿ. ಆದರೆ ಮೇಲೇಳುವ ಬಲ ಎರಡು ಪಟ್ಟಾಯಿತು. ಒಂದು ಗೇಣು ಮಾತ್ರ ಒಳಗುಳಿಸಿದರೆ ಹಳಿ ಕಿತ್ತು ಬರುವುದರಲ್ಲಿ ಸಂದೇಹವಿಲ್ಲ. ಆದುದರಿಂದ ಊರಿನ ಅಂಗಡಿಯಲ್ಲಿ ಮಾಡಿಸುವ ಟ್ರೇ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊರಬರಬಾರದು. ಅಲ್ಲಿಗೆ ಗಟ್ಟಿಯಾದ ತಡೆ ಇರಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಒಳಗುಳಿಯುವ 60 ಸೆಂ.ಮೀ. ಜಾಗದಲ್ಲಿ ದಿನದ ಕೊನೆಗೆ ಬೇಕಾಗುವ ಸಾಮಾನನ್ನು ಇಟ್ಟರೆ ಅನಾನುಕೂಲವೇನೂ ಆಗದು.

ಇದೇ ಲೆಕ್ಕದಿಂದ ಇನ್ನೊಂದು ಎಚ್ಚರಿಕೆಯೂ ದೊರೆಯುತ್ತದೆ. ಹೊರಗೆ ಎಳೆದ ಟ್ರೇಯ ತುದಿಯಲ್ಲಿ 60 ಕೆ.ಜಿ. ತೂಕದ ಆಳು ಕುಳಿತರೆ, ಅವನೊಬ್ಬನಿಂದಲೇ ಒಳತುದಿಯಲ್ಲಿ ಇನ್ನೂ 120 ಕೆ.ಜಿ. ಮೇಲೇಳುವ ಬಲ ಸೇರುತ್ತದೆ. ಊಟಕ್ಕೆ, ಹರಟೆಗೆ ಟ್ರೇ ಜಗಲಿಯಲ್ಲ. ಮಕ್ಕಳು ಹತ್ತಿ ಕುಣಿಯದಂತೆ ನೋಡಿಕೊಳ್ಳಬೇಕು.

ಬೇಕಾಗುವ ಸಾಮಗ್ರಿ

ಮೇಲಿನ ಅಳತೆಯ ಟ್ರೇಗೆ ಬೇಕಾಗುವ ಸಾಮಗ್ರಿ ಹೀಗಿದೆ. ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಈ ಪಟ್ಟಿ ಹಿಡಿದು ಎರಡು ಮೂರು ಕಡೆ ವಿಚಾರಿಸುವುದು ಒಳ್ಳೆಯದು.

ಹಳಿ: 4 ಮಿ.ಮೀ. ದಪ್ಪದ ತಗಡನ್ನು ಮೂರು ಕಡೆ ಬಾಗಿಸಿದ ಚಾನಲ್, 180 ಸೆಂ.ಮೀ. ಉದ್ದದ್ದು ಎರಡು. ಒಳಗಿನ ಅಂತರ 50 ಮಿ.ಮೀ.

ಬೇರಿಂಗ್: 6204 ಸಂಖ್ಯೆಯದು, ಎರಡೂ ಕಡೆ ರಬ್ಬರ್ ಮುಚ್ಚಳವಿರುವುದು, 12. ಇದರ ಹೊರವ್ಯಾಸ 47 ಮಿ.ಮೀ., ಒಳರಂಧ್ರ 20 ಮಿ.ಮೀ. ಚಾನಲ್ಲಿನೊಳಗೆ ಹಾಕಿದಾಗ 3 ಮಿ.ಮೀ. ಸಡಿಲ ಉಳಿಯುತ್ತದೆ. ಇಷ್ಟು ಸಡಿಲ ಬೇಕೇ ಬೇಕು. ಇಲ್ಲದಿದ್ದರೆ ಧೂಳು ಸೇರಿ ಬಿಗಿಯುತ್ತದೆ. ಇದಕ್ಕಿಂತ ಹೆಚ್ಚು ಸಡಿಲವಾದರೆ ಟ್ರೇ ದಾರಿಯುದ್ದಕ್ಕೂ ಬಡಿದುಕೊಳ್ಳುತ್ತದೆ.

ಚೌಕಟ್ಟು: 40 ಮಿ.ಮೀ. ಆಂಗಲ್ 9.6 ಮೀಟರ್, ವ್ಯರ್ಥಕ್ಕೆ ಸ್ವಲ್ಪ ಹೆಚ್ಚು.

ಹಾಸು: 18 ಮಿ.ಮೀ. ನೀರು ನಿರೋಧಕ ಪ್ಲೈವುಡ್ ಒಂದು ಹಲಗೆ.

ಬೋಲ್ಟು: 12 ಮಿ.ಮೀ., ತಲೆಯ ಮೇಲೆ 8.8 ಎಂಬ ಗುರುತಿರುವುದು. ಅದಕ್ಕೆ ತಾನಾಗಿ ಬಿಚ್ಚದ ನಟ್ಟು ಮತ್ತು ಅಗಲವಾದ ವಾಷರುಗಳು.

ಇವಲ್ಲದೆ ಅಗುಳಿ ಎರಡು, ಸರಪಳಿ ಒಂದು, ರಬ್ಬರ್ ತಡೆಗಳು, ರೆಡ್ ಆಕ್ಸೈಡ್ ಮತ್ತು ಬಣ್ಣ.

ಟ್ರೇಯ ಅಳತೆ ನಿರ್ಧರಿಸುವ ಮುನ್ನ ತಾವು ಬಳಸುವ ಬಾಕ್ಸನ್ನು ಅಳೆಯಬೇಕು. ಉದಾಹರಣೆಗೆ ಬಾಕ್ಸು 54 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲವಿದ್ದರೆ, ಈ ಟ್ರೇಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 3, ಒಟ್ಟು 9 ಬಾಕ್ಸು ಒಂದು ಪದರಕ್ಕೆ ಸರಿಯಾಗಿ ಕೂಡುತ್ತವೆ. ಬಾಕ್ಸಿಗೆ ಹೊಂದದ ಟ್ರೇ ಮಾಡಿಸಿ, ಸಂದಿಗಳಲ್ಲಿ ಗೋಣಿಚೀಲ ತುರುಕುವುದು ತರವಲ್ಲ.

ಅಳವಡಿಸುವ ಕ್ರಮ

ಮೊದಲನೆಯದಾಗಿ, ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಬಾಡಿಯನ್ನು ತೊಳೆದು ಒಣಗಿಸಬೇಕು. ಆಮೇಲೆ ವಾಹನದ ಕೆಳಗೆ ಇಳಿದು ನೋಡಬೇಕು. ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ವಿದ್ಯುತ್ ತಂತಿ, ಹೆಚ್ಚುವರಿ ಚಕ್ರ ಇವು ಎಲ್ಲೆಲ್ಲಿವೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಬೇಕು. ಮೇಲಿನಿಂದ ರಂಧ್ರ ಕೊರೆಯುವವನಿಗೆ ಕೆಳಗೇನಿದೆ ಎಂಬುದು ಕಾಣುವುದಿಲ್ಲ. ಬ್ರೇಕಿನ ಕೊಳವೆಗೆ ತೂತು ಬಿದ್ದರೆ ಅದು ತಿಳಿಯುವುದು ಇಳಿಜಾರಿನಲ್ಲಿ.

ಎರಡನೆಯದಾಗಿ, ಬಾಡಿಯ ಹಿಂದಿನ ಅಂಚನ್ನು ಪರೀಕ್ಷಿಸಬೇಕು. ಟ್ರೇ ಹೊರಬಂದಾಗ 450 ಕೆ.ಜಿ. ಬೀಳುವುದು ಇಲ್ಲಿಯೇ. ಬರೀ ತಗಡಿನ ಮೇಲೆ ಈ ಭಾರ ಬಿದ್ದರೆ ಅಂಚು ಕುಸಿಯುತ್ತದೆ. ಬಾಡಿಯ ಅಗಲಕ್ಕೂ ಒಂದು ಅಡ್ಡ ಚಾನಲ್ ಹಾಕಿ, ಭಾರವು ಚಾಸಿಯ ಎರಡೂ ಉದ್ದತೊಲೆಗಳಿಗೆ ಇಳಿಯುವಂತೆ ಮಾಡಬೇಕು. ಚಾಸಿಗೆ ಮಾತ್ರ ವೆಲ್ಡಿಂಗ್ ಮಾಡಲೇಬಾರದು.

ಮೂರನೆಯದಾಗಿ, ಸ್ಥಿರ ಉರುಳೆಗಳನ್ನು ಕೂಡಿಸಬೇಕು. ಇವು ಬಾಡಿಗೆ ಬಿಗಿದಿರುತ್ತವೆ, ಚಲಿಸುವುದಿಲ್ಲ. ಟ್ರೇಯ ಆಂಗಲ್ ಇವುಗಳ ಮೇಲೆ ಉರುಳುತ್ತದೆ. ಪ್ರತಿ ಕಡೆ ಹಿಂದಿನ ಅಂಚಿನಲ್ಲಿ ಅಕ್ಕಪಕ್ಕ ಎರಡು ಬೇರಿಂಗ್, ಅಲ್ಲಿಂದ ಒಳಕ್ಕೆ 45 ಸೆಂ.ಮೀ.ಗೆ ಒಂದರಂತೆ ಮೂರು. ಹೀಗೆ ಎರಡೂ ಕಡೆ ಸೇರಿ 10. ಉಳಿದ ಎರಡು ಬೇರಿಂಗುಗಳು ಟ್ರೇಯ ಒಳತುದಿಯ ಎರಡು ಮೂಲೆಗಳಿಗೆ. ಅವು ಟ್ರೇಯ ಜೊತೆಗೇ ಚಾನಲ್ ಹಳಿಯೊಳಗೆ ಚಲಿಸಿ, ಒಳತುದಿ ಮೇಲೇಳದಂತೆ ಹಿಡಿಯುತ್ತವೆ. ಅವುಗಳ 20 ಮಿ.ಮೀ. ಅಚ್ಚನ್ನು ತೆಳು ಆಂಗಲ್ಲಿಗೆ ನೇರವಾಗಿ ಬೆಸೆಯದೆ, ಮೊದಲು ದಪ್ಪ ಪಟ್ಟಿಯೊಂದನ್ನು ಬೆಸೆದು ಅದಕ್ಕೆ ಕೂಡಿಸಬೇಕು.

ನಾಲ್ಕನೆಯದಾಗಿ, ಹಳಿಗಳನ್ನು ಕೂಡಿಸಬೇಕು. ಎರಡು ಹಳಿಗಳ ನಡುವಿನ ಅಂತರ ಮುಂದೆ, ನಡುವೆ, ಹಿಂದೆ ಮೂರು ಕಡೆಯೂ ಒಂದೇ ಇರಬೇಕು. ಮೂಲೆಯಿಂದ ಮೂಲೆಗೆ ದಾರ ಹಿಡಿದಾಗ ಎರಡೂ ಕರ್ಣಗಳು ಸಮವಾಗಿರಬೇಕು. ರಸಮಟ್ಟದಿಂದ ಎತ್ತರ ನೋಡಿ, ಬಾಡಿಯ ತಗಡಿನ ಏರುತಗ್ಗಿಗೆ ತಕ್ಕಂತೆ ಕೆಳಗೆ ಕಬ್ಬಿಣದ ಪಟ್ಟಿ ಕೊಡಬೇಕು. ಮೊದಲು ತಾತ್ಕಾಲಿಕವಾಗಿ ಬಿಗಿದು, ಖಾಲಿ ಟ್ರೇಯನ್ನು ಹತ್ತು ಸಲ ಎಳೆದು ತಳ್ಳಿ, ಎಲ್ಲಿಯೂ ಹಿಡಿಯುವುದಿಲ್ಲ ಎಂದು ಖಚಿತವಾದ ಮೇಲೆಯೇ ರಂಧ್ರ ಕೊರೆಯಬೇಕು.

ಬೋಲ್ಟು ಎಲ್ಲಿ ಹಾಕಬೇಕು ಎಂಬುದರಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಳಿಯ ಕ್ಯಾಬಿನ್ ಕಡೆಯ ತುದಿಗೆ ದಪ್ಪ ಬೋಲ್ಟು ಹಾಕಿ, ನಡುವೆ ಒಂದೆರಡು ಸಣ್ಣ ಬೋಲ್ಟು ಹಾಕಿ ಬಿಡುತ್ತಾರೆ. ಆದರೆ ಟ್ರೇ ಪೂರ್ಣ ಮಿತಿಗೆ ಹೊರಬಂದಾಗ ಅದರ ಒಳತುದಿ ಇರುವುದು ಕ್ಯಾಬಿನ್ ಹತ್ತಿರವಲ್ಲ. ಅದು ಹಿಂದಿನ ಅಂಚಿನಿಂದ 60 ಸೆಂ.ಮೀ. ಒಳಗೆ ಇರುತ್ತದೆ. ಹಳಿಯನ್ನು ಮೇಲಕ್ಕೆ ಕೀಳುವ ಬಲ ಬೀಳುವುದು ಆ ಜಾಗದಲ್ಲೇ. ಆದುದರಿಂದ ಪ್ರತಿ ಹಳಿಗೂ 45 ಸೆಂ.ಮೀ.ಗೆ ಒಂದು ಬೋಲ್ಟು ಇರುವುದರ ಜೊತೆಗೆ, ಈ 60 ಸೆಂ.ಮೀ. ಗುರುತಿನ ಎರಡೂ ಪಕ್ಕಕ್ಕೆ ಒಂದೊಂದು ಹೆಚ್ಚಿನ ಬೋಲ್ಟು ಹಾಕಿ, ಬಾಡಿಯ ಕೆಳಗಿನ ಅಡ್ಡತೊಲೆಗೆ ಬಿಗಿಯಬೇಕು. ಅಲ್ಲಿ ಅಡ್ಡತೊಲೆ ಇಲ್ಲದಿದ್ದರೆ ಕೆಳಗಡೆ ಅಂಗೈ ಅಗಲದ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಕೊರೆದ ಪ್ರತಿ ರಂಧ್ರದ ಅಂಚಿಗೂ ಬೋಲ್ಟು ಹಾಕುವ ಮೊದಲೇ ರೆಡ್ ಆಕ್ಸೈಡ್ ಹಚ್ಚಬೇಕು.

ಬಾಡಿಯ ಮೇಲೆ ಯಾವುದೇ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿಯ ತಂತಿ ಕಳಚುವುದು ಅತ್ಯಾವಶ್ಯಕ. ಈಗಿನ ವಾಹನಗಳ ಎಂಜಿನ್ನು ನಡೆಯುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಆಜ್ಞೆಯಂತೆ. ವೆಲ್ಡಿಂಗಿನ ವಿದ್ಯುತ್ತು ಹರಿದರೆ ಅದು ಸುಟ್ಟುಹೋಗುವ ಸಂಭವವಿದೆ.

ಅಗುಳಿ ಮತ್ತು ತಡೆ

ಹೊಲಕ್ಕೆ ಬೇಲಿ ಹೇಗೋ ಟ್ರೇಗೆ ಅಗುಳಿ ಹಾಗೆ. ವಾಹನ ಜೋರಾಗಿ ಬ್ರೇಕು ಹಾಕಿದಾಗ ಹೊರೆ ಮುಂದಕ್ಕೆ ನುಗ್ಗುತ್ತದೆ. ಯೂರೋಪಿನ ಸಾಗಣೆ ಮಾನದಂಡದ ಪ್ರಕಾರ ರಸ್ತೆಯ ಹೊರೆಯ ಕಟ್ಟು ಮುಂದಕ್ಕೆ ಹೊರೆಯ ತೂಕದ ಹತ್ತರಲ್ಲಿ ಎಂಟು ಪಾಲನ್ನು, ಹಿಂದಕ್ಕೆ ಅರ್ಧ ಪಾಲನ್ನು ತಡೆಯುವಂತಿರಬೇಕು. 300 ಕೆ.ಜಿ.ಗೆ ಇದು ಮುಂದಕ್ಕೆ 240, ಹಿಂದಕ್ಕೆ 150 ಕೆ.ಜಿ. ಬಾಗಿಲಿಗೆ ಹಾಕುವ ಸಣ್ಣ ಚಿಲಕ ಇದಕ್ಕೆ ಸಾಲದು.

ಮುಂದೆ ನುಗ್ಗದಂತೆ ಹಳಿಯ ಕ್ಯಾಬಿನ್ ತುದಿಯಲ್ಲಿ ರಬ್ಬರ್ ಹೊದಿಸಿದ ಕಬ್ಬಿಣದ ತಡೆ ಇರಬೇಕು. ಹಿಂದೆ ಜಾರದಂತೆ ಎರಡೂ ಕಡೆ ಸ್ಪ್ರಿಂಗ್ ಅಗುಳಿ ಇರಬೇಕು. ಅಗುಳಿಯ ರಂಧ್ರ ಎರಡು ಜಾಗದಲ್ಲಿರಬೇಕು: ಟ್ರೇ ಪೂರ್ತಿ ಒಳಗಿರುವಾಗ ಒಂದು, ಪೂರ್ತಿ ಹೊರಬಂದಾಗ ಇನ್ನೊಂದು. ಹೊರಬಂದ ಟ್ರೇಗೂ ಅಗುಳಿ ಏಕೆ ಎಂದು ಕೆಲವರು ಕೇಳುತ್ತಾರೆ. ಹೊರಗಿದ್ದಾಗ ಅಗುಳಿ ಇಲ್ಲದಿದ್ದರೆ ಬಾಕ್ಸು ಎತ್ತುತ್ತಿರುವವನ ಬೆರಳಿನ ಮೇಲೆ ಟ್ರೇ ಹಿಂದಿರುಗಿ ಬರಬಹುದು. ಇವೆರಡರ ಜೊತೆಗೆ ಒಂದು ಸರಪಳಿಯನ್ನು ಬೇರೆಯಾಗಿ ಕಟ್ಟಬೇಕು. ಅಗುಳಿ ಮುರಿದ ದಿನ ಕೈಹಿಡಿಯುವುದು ಈ ಸರಪಳಿಯೇ. ಹಿಂಬಾಗಿಲು ಮುಚ್ಚಿರುವುದೇ ಸಾಕೆಂದು ಅದರ ಮೇಲೆ ಭರವಸೆ ಇಡಬಾರದು.

ಯೂರಿಯಾ ಚೀಲದಿಂದ ಪರೀಕ್ಷೆ

ಟ್ರೇ ಸಿದ್ಧವಾದ ಕೂಡಲೇ ಹಣ್ಣು ತುಂಬಿ ಹೊರಡಬಾರದು. ತೂಕ ಪರೀಕ್ಷೆಗೆ ತಕ್ಕಡಿ ಬೇಕಿಲ್ಲ. ಯೂರಿಯಾ ಚೀಲ ಸಾಕು. 2018ರಿಂದ ಯೂರಿಯಾ 45 ಕೆ.ಜಿ. ಚೀಲದಲ್ಲಿ ಬರುತ್ತಿರುವುದು ರೈತರಿಗೆ ತಿಳಿದದ್ದೇ. ಮೊದಲು 3 ಚೀಲ ಹರಡಿ ಇಟ್ಟು ಟ್ರೇಯನ್ನು ಮಿತಿಯವರೆಗೆ ಎಳೆದು ನೋಡಬೇಕು. ಆಮೇಲೆ 5 ಚೀಲ. ಕೊನೆಗೆ 7 ಚೀಲ. ಏಳು ಚೀಲ 315 ಕೆ.ಜಿ., ಟ್ರೇಯ 60 ಕೆ.ಜಿ. ಸೇರಿ 375 ಕೆ.ಜಿ. ಇದು 300 ಕೆ.ಜಿ.ಯ ಒಂದೂಕಾಲು ಪಟ್ಟು. ಪ್ರತಿ ಹಂತದಲ್ಲೂ ಹಳಿ ಮೇಲೆದ್ದಿದೆಯೇ, ಅಂಚು ಕುಸಿದಿದೆಯೇ, ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಪರೀಕ್ಷಿಸುವಾಗ ಯಾರೂ ಟ್ರೇಯ ಕೆಳಗೆ ಕಾಲಿಡಬಾರದು. ಏಳು ಚೀಲ ತಡೆದ ಟ್ರೇಗೂ ದಿನನಿತ್ಯದ ಮಿತಿ 300 ಕೆ.ಜಿ.ಯೇ. ಆ ಸಂಖ್ಯೆಯನ್ನು ಟ್ರೇಯ ಅಂಚಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು. ವಾಹನವನ್ನು ಬೇರೆಯವರು ಓಡಿಸುವ ದಿನವೂ ಅದು ಕಣ್ಣಿಗೆ ಬೀಳುತ್ತದೆ.

ಮೊದಲ ದಿನದ ಓಡಾಟದ ನಂತರ ಎಲ್ಲಾ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಆಮೇಲೆ ತಿಂಗಳಿಗೊಮ್ಮೆ.

ದಿನನಿತ್ಯದ ಬಳಕೆಯಲ್ಲಿ ಎಚ್ಚರಿಕೆ

1. ಇಳಿಜಾರಿನಲ್ಲಿ ಟ್ರೇ ತೆರೆಯಬಾರದು. 20 ಅಡಿಗೆ 1 ಅಡಿ ಏರುವ ರಸ್ತೆ ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತದೆ. ಆದರೂ ಅಂತಹ ಜಾಗದಲ್ಲಿ 300 ಕೆ.ಜಿ. ಟ್ರೇ ಸುಮಾರು 15 ಕೆ.ಜಿ. ಬಲದಿಂದ ತಾನಾಗಿ ಉರುಳಲು ನೋಡುತ್ತದೆ. 10 ಅಡಿಗೆ 1 ಅಡಿಯಾದರೆ 30 ಕೆ.ಜಿ. ವಾಹನದ ಮುಖ ಏರಿನ ಕಡೆಗಿದ್ದರೆ ಅಗುಳಿ ತೆಗೆದ ಕ್ಷಣವೇ ಟ್ರೇ ಎದೆಗೆ ಬಂದು ಬಡಿಯಬಹುದು.

2. ಟ್ರೇ ಎಳೆಯುವವನು ನೇರ ಹಿಂದೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಂತು ಎಳೆಯಬೇಕು. ಕೈಹಿಡಿಯಲ್ಲದೆ ಅಂಚನ್ನು ಹಿಡಿದು ತಳ್ಳಬಾರದು.

3. ಟ್ರೇ ಹೊರಬಂದಾಗ ಮುಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದಿನ ಅಚ್ಚಿನಿಂದ ಬಾಡಿಯ ಅಂಚು 90 ಸೆಂ.ಮೀ. ದೂರವಿದ್ದು, ಎರಡು ಅಚ್ಚುಗಳ ನಡುವೆ 3 ಮೀಟರ್ ಇರುವ ವಾಹನದಲ್ಲಿ 300 ಕೆ.ಜಿ. ಟ್ರೇ ಮಿತಿಗೆ ಹೊರಬಂದರೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 120 ಕೆ.ಜಿ. ಕಡಿಮೆಯಾಗುತ್ತದೆ. ಅಚ್ಚುಗಳ ಅಂತರ ಕಡಿಮೆಯಿರುವ ಸಣ್ಣ ವಾಹನಗಳಲ್ಲಿ ಇದು ಇನ್ನೂ ಹೆಚ್ಚು. ಆದುದರಿಂದ ಕೈಬ್ರೇಕು ಹಾಕಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೇ ಟ್ರೇ ತೆರೆಯಬೇಕು. ಟ್ರೇ ಹೊರಗಿರುವಾಗ ವಾಹನವನ್ನು ಒಂದು ಮಾರು ದೂರವೂ ಸರಿಸಬಾರದು.

4. ಭಾರವಾದ ಬಾಕ್ಸುಗಳು ಕ್ಯಾಬಿನ್ ಕಡೆಗೆ, ಹಗುರವಾದವು ಹಿಂಬಾಗಿಲ ಕಡೆಗೆ. ಏತದ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ.

5. ಬಾಕ್ಸನ್ನು ಅಂಚಿನ ಮೇಲೆ ಉಬ್ಬುವಂತೆ ತುಂಬಬಾರದು. ಮೇಲಿನ ಬಾಕ್ಸಿನ ಭಾರ ಕೆಳಗಿನ ಬಾಕ್ಸಿನ ಅಂಚಿನ ಮೇಲೆ ಬೀಳಬೇಕೇ ಹೊರತು ಹಣ್ಣಿನ ಮೇಲಲ್ಲ. ದೂರದ ಮಾರುಕಟ್ಟೆಗೆ ಒಯ್ಯುವ ಟೊಮೆಟೊವನ್ನು ಬಣ್ಣ ತಿರುಗುವ ಹಂತದಲ್ಲೇ, ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಪೂರ್ತಿ ಹಣ್ಣಾದದ್ದನ್ನು ಎಂತಹ ಟ್ರೇಯೂ ಕಾಪಾಡಲಾರದು.

6. ಕೀಟನಾಶಕದ ಡಬ್ಬಿಗಳನ್ನು ತರಕಾರಿಯ ಟ್ರೇ ಮೇಲೆ ಎಂದೂ ಇಡಬಾರದು. ಸೋರಿದ ಔಷಧಿಯನ್ನು ಪ್ಲೈವುಡ್ ಹೀರಿಕೊಳ್ಳುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಔಷಧಿಗೆ ಮುಚ್ಚಳವಿರುವ ಪ್ರತ್ಯೇಕ ಪೆಟ್ಟಿಗೆ ಬೇಕು. ಅದನ್ನು ತರಕಾರಿ ಇಲ್ಲದ ದಿನ ಮಾತ್ರ ಒಯ್ಯಬೇಕು.

7. ಗೊಬ್ಬರ ಸಾಗಿಸಿದ ದಿನ ಟ್ರೇಯನ್ನು ಗುಡಿಸಿ, ತೊಳೆದು, ಒಣಗಿಸಬೇಕು. ಚೆಲ್ಲಿದ ಗೊಬ್ಬರ ಗಾಳಿಯ ತೇವ ಹೀರಿ ನೀರಾಗುತ್ತದೆ. ಮ್ಯುರಿಯೇಟ್ ಆಫ್ ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಹಳಿಯೊಳಗೆ ಗ್ರೀಸ್ ಮೆತ್ತಬಾರದು. ಧೂಳು ಅಂಟಿ ಅರದಂತೆ ಸವೆಸುತ್ತದೆ. ಒಣ ಬಟ್ಟೆಯಿಂದ ಒರೆಸುವುದೇ ಸಾಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಟ್ರೇಯಿಂದ ಬಾಡಿಯ ಉದ್ದ ಅಗಲ ಬದಲಾಗದಿದ್ದರೂ ಖಾಲಿ ವಾಹನದ ತೂಕ ಹೆಚ್ಚುತ್ತದೆ. ಆದುದರಿಂದ ಕೆಲಸ ಆರಂಭಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಅಪಘಾತವಾದ ಮೇಲೆ ವಿಚಾರಿಸಿ ಫಲವಿಲ್ಲ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಹೊರೆಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಟ್ರೇಯ 80 ಕೆ.ಜಿ.ಯನ್ನು ಲೆಕ್ಕಕ್ಕೆ ಹಿಡಿಯದೆ ತುಂಬಿದವನಿಗೆ ಉಳಿದದ್ದೆಲ್ಲ ಒಂದೇ ದಿನದಲ್ಲಿ ಹೋದೀತು.

ರೈತ ಬಾಂಧವರೇ, ಜಾರು ಟ್ರೇ ದೊಡ್ಡ ಯಂತ್ರವೇನೂ ಅಲ್ಲ. ಹನ್ನೆರಡು ಬೇರಿಂಗು, ಎರಡು ಹಳಿ, ಒಂದು ಹಲಗೆ. ಬೇಕಾದವನಿಗೆ ಅದು ದಿನವೂ ಸೊಂಟವನ್ನು, ಸಮಯವನ್ನು, ಹಣ್ಣನ್ನು ಉಳಿಸಿಕೊಡುತ್ತದೆ. ಬೇಡದವನಿಗೆ ಅದು 80 ಕೆ.ಜಿ. ಹೊರೆ. ನೆರೆಯವನು ಹಾಕಿಸಿದ ಎಂದು ಹಾಕಿಸದೆ, ಒಂದು ವಾರದ ಲೆಕ್ಕ ಬರೆದು ನೋಡಿ ತೀರ್ಮಾನಿಸಬೇಕು. ಹಾಕಿಸಿದರೆ ಮೂರರಲ್ಲಿ ಎರಡು ಪಾಲಿನ ಮಿತಿ, 60 ಸೆಂ.ಮೀ. ಗುರುತಿನ ಬೋಲ್ಟು, ಎರಡು ಅಗುಳಿ, ಒಂದು ಸರಪಳಿ, ಇವುಗಳಲ್ಲಿ ಉಳಿತಾಯ ಮಾಡಬಾರದು. ಉಳಿತಾಯ ಮಾಡಲೇಬೇಕಿದ್ದರೆ ಬಣ್ಣದಲ್ಲಿ ಮಾಡಬಹುದು.